ಒಂದು ಅಕ್ಷರ ಬದಲಾದ್ರೆ: ಸೆಪ್ಸಿಸ್, ರಕ್ತದ ಹೆಪ್ಪು ಮತ್ತು ನಮ್ಮ ಜೀನ್

ವಿಡಿಯೊ ಪೂರ್ತಿ ನೋಡೋಕೆ ಟೈಮ್ ಸಿಗದವರಿಗೆ, ಲೋಕಲ್ ಟ್ರೇನಿನಲ್ಲಿ ನಿಂತ್ಕೊಂಡು ಓದೋರಿಗೆ, ಇದು ಈ ವಾರದ ಮಾತಿನ ಬರಹರೂಪ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಓದಿದ್ದು ಎಂಟೆಕ್, ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಈ ವಿಷಯವನ್ನು ನಾನು ಹುಡುಕಿಕೊಂಡು ಹೋಗಲಿಲ್ಲ, ಅದೇ ನಮ್ಮ ಮನೆಗೆ ಬಂತು.

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಅತ್ತೆ, ಅಂದ್ರೆ ಅಪ್ಪನ ತಂಗಿ, ಧಾರವಾಡದಿಂದ ಬಂದು ನಮ್ಮ ಮನೆಯಲ್ಲಿದ್ರು. ವಯಸ್ಸು 67. ಶುಕ್ರವಾರ ಸಂಜೆ ಚಳಿ, ಜ್ವರ. "ಏನಿಲ್ಲೋ, ಥಂಡಿ ಹತ್ತೇತಿ ಅಷ್ಟ" ಅಂದ್ರು. ನಾವೂ ಜ್ವರದ ಮಾತ್ರೆ ಕೊಟ್ಟು ಸುಮ್ಮನಾದ್ವಿ. ಶನಿವಾರ ರಾತ್ರಿ ಎದ್ದು ಕೂತು, "ಏಳೋ, ಬಸ್ಸಿಗೆ ಹೊತ್ತಾತು, ಮನಿಗೆ ಹೋಗೂಣು" ಅಂತ ಶುರು ಮಾಡಿದ್ರು. ಊರಿನ ನೆನಪಾಗಿದೆ ಅಂತ ನಾವು ನಕ್ವಿ. ಭಾನುವಾರ ಮಧ್ಯಾಹ್ನ ಅವರು ಐಸಿಯುನಲ್ಲಿದ್ರು. ಮೂತ್ರದ ಸೋಂಕಿನಿಂದ ಸೆಪ್ಸಿಸ್ ಆಗಿತ್ತು.

ಮೂರನೇ ದಿನ ಡಾಕ್ಟರ್ ಹೊರಗೆ ಬಂದು ಹೇಳಿದ್ರು: ಪ್ಲೇಟ್‌ಲೆಟ್ ಇಳೀತಿದೆ, ಸಣ್ಣ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತಿದೆ, ಅದೇ ಕಾರಣಕ್ಕೆ ಸೂಜಿ ಚುಚ್ಚಿದ ಕಡೆಯಿಂದ ರಕ್ತ ಸೋರುತ್ತಿದೆ. ನನಗೆ ತಲೆಬುಡ ಅರ್ಥ ಆಗಲಿಲ್ಲ. ಹೆಪ್ಪೂ ಗಟ್ಟುತ್ತೆ, ರಕ್ತವೂ ನಿಲ್ಲಲ್ಲ, ಎರಡೂ ಒಟ್ಟಿಗೆ ಹೇಗೆ? ಆಮೇಲೆ ಅತ್ತೆಯ ಮಗ ಕಾರಿಡಾರಿನಲ್ಲಿ ಕೇಳಿದ: "ಅಣ್ಣಾ, ಬಾಜೂ ಬೆಡ್ಡಿನವರಿಗೂ ಇದ ಇನ್‌ಫೆಕ್ಷನ್ ಅಂತ. ಅವರು ಮೂರು ದಿನಕ್ಕ ವಾರ್ಡಿಗೆ ಹೋದ್ರು. ಅವ್ವಗ ಯಾಕ ಹಿಂಗಾತು? ನಮ್ಮ ರಕ್ತದಾಗ ಏನರ ಐತೇನು?"

ಇವತ್ತಿನ ಮಾತೆಲ್ಲ ಅವನ ಆ ಪ್ರಶ್ನೆಗೆ ಉತ್ತರ.

ಮೊದಲು ಸೆಪ್ಸಿಸ್ ಅಂದ್ರೆ ಏನು ನೋಡೋಣ. ರಕ್ತದಲ್ಲಿ ವಿಷ ಸೇರೋದು ಅಂತ ನಾವು ಅಂದ್ಕೋತೀವಿ. 2016ರಲ್ಲಿ ವೈದ್ಯರು ಒಪ್ಪಿಕೊಂಡ ವ್ಯಾಖ್ಯೆ ಬೇರೆ ಥರ ಇದೆ. ಸೋಂಕಿಗೆ ನಮ್ಮ ದೇಹವೇ ಕೊಡುವ ಪ್ರತಿಕ್ರಿಯೆ ಹದ ತಪ್ಪಿ, ಕಿಡ್ನಿ, ಶ್ವಾಸಕೋಶ, ಮೆದುಳಿನಂಥ ಅಂಗಗಳು ಜೀವಕ್ಕೆ ಅಪಾಯ ಆಗುವಷ್ಟು ಕೆಡೋದೇ ಸೆಪ್ಸಿಸ್. ಅಂದ್ರೆ ಹಾನಿ ಮಾಡೋದು ಬ್ಯಾಕ್ಟೀರಿಯಾ ಮಾತ್ರ ಅಲ್ಲ, ಅದನ್ನು ಹೊಡೆಯೋಕೆ ಹೊರಟ ನಮ್ಮದೇ ಸೈನ್ಯ ಕೂಡ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿತ್ತು, ಸುಮಾರು 1.1 ಕೋಟಿ ಸಾವುಗಳಲ್ಲಿ ಅದರ ಪಾತ್ರ ಇತ್ತು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತೆ.

ಸರಿ, ಸೋಂಕಿಗೂ ಹೆಪ್ಪುಗಟ್ಟೋದಕ್ಕೂ ಏನು ಸಂಬಂಧ? ಒಡಿಶಾದ ಕಡಲ ತೀರದಲ್ಲಿ ಕುದುರೆಲಾಳದ ಆಕಾರದ ಒಂದು ಪ್ರಾಣಿ ಇದೆ, ಏಡಿಯ ಥರ ಕಾಣುತ್ತೆ. ಕೆಲವು ಬ್ಯಾಕ್ಟೀರಿಯಾಗಳ ವಿಷ ಸ್ವಲ್ಪ ತಾಗಿದ್ರೂ ಅದರ ನೀಲಿ ರಕ್ತ ಕೂಡಲೇ ಗಟ್ಟಿಯಾಗುತ್ತೆ. ಶತ್ರು ಒಳಗೆ ಬಂದ ಜಾಗದಲ್ಲೇ ಅವನನ್ನು ಕಟ್ಟಿಹಾಕೋದು ಅದರ ಉಪಾಯ. ನಮ್ಮಲ್ಲೂ ಇದೇ ಹಳೇ ವಿದ್ಯೆ ಉಳಿದಿದೆ. ಸೋಂಕು ತಗುಲಿದಾಗ ನಮ್ಮ ಬಿಳಿ ರಕ್ತಕಣಗಳು ಟಿಶ್ಯೂ ಫ್ಯಾಕ್ಟರ್ ಅನ್ನೋ ಪ್ರೋಟೀನನ್ನು ಹೊರಗೆ ತೋರಿಸುತ್ತವೆ. ಅಲ್ಲಿಂದ ಒಂದರ ಹಿಂದೆ ಒಂದು ಪ್ರೋಟೀನ್ ಎಚ್ಚರಗೊಂಡು ಕೊನೆಗೆ ಥ್ರಾಂಬಿನ್ ತಯಾರಾಗುತ್ತೆ. ಥ್ರಾಂಬಿನ್ ಫೈಬ್ರಿನ್ ಎಳೆಗಳ ಬಲೆ ನೇಯುತ್ತೆ, ಬ್ಯಾಕ್ಟೀರಿಯಾ ಆ ಬಲೆಗೆ ಬೀಳುತ್ತೆ. ಒಂದು ಗಾಯದ ಜಾಗದಲ್ಲಿ ಇದು ಆದ್ರೆ ಒಳ್ಳೇದೇ.

ಇಲ್ಲಿ ಎರಡು ಕಂಟ್ರೋಲ್‌ಗಳಿವೆ. ಒಂದು, ಬ್ರೇಕ್. ಥ್ರಾಂಬಿನ್ ಜಾಸ್ತಿ ಆದಾಗ ಅದೇ ಹೋಗಿ ಪ್ರೋಟೀನ್ ಸಿ ಅನ್ನೋದನ್ನು ಎಬ್ಬಿಸುತ್ತೆ. ಎಚ್ಚೆತ್ತ ಪ್ರೋಟೀನ್ ಸಿ, ಥ್ರಾಂಬಿನ್ ತಯಾರಿಗೆ ಬೇಕಾದ ಫ್ಯಾಕ್ಟರ್ ಫೈವ್ ಮತ್ತು ಫ್ಯಾಕ್ಟರ್ ಎಯ್ಟ್ ಎರಡನ್ನೂ ಕತ್ತರಿಸಿ ಹಾಕುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫೀಡ್‌ಬ್ಯಾಕ್ ಲೂಪ್. ಎರಡು, ಕ್ಲೀನಿಂಗ್. ಪ್ಲಾಸ್ಮಿನ್ ಅನ್ನೋದು ಹಳೇ ಹೆಪ್ಪನ್ನು ಕರಗಿಸುತ್ತೆ. ಪಿಎಐ-1 ಅನ್ನೋ ಇನ್ನೊಂದು ಪ್ರೋಟೀನ್ ಆ ಕರಗಿಸುವ ಕೆಲಸವನ್ನು ತಡೆಯುತ್ತೆ.

ಸೆಪ್ಸಿಸ್‌ನಲ್ಲಿ ಆಕ್ಸಿಲರೇಟರ್ ಇಡೀ ದೇಹದಲ್ಲಿ ಒಟ್ಟಿಗೆ ಒತ್ತಲ್ಪಡುತ್ತೆ. ಪ್ರೋಟೀನ್ ಸಿ ಖರ್ಚಾಗಿ ಬ್ರೇಕ್ ಸವೆಯುತ್ತೆ. ಪಿಎಐ-1 ಏರಿ ಕ್ಲೀನಿಂಗ್ ನಿಂತುಹೋಗುತ್ತೆ. ಸಣ್ಣ ನಾಳಗಳು ಮುಚ್ಚಿಕೊಂಡು ಅಂಗಗಳಿಗೆ ರಕ್ತ ಸಿಗಲ್ಲ. ಅಷ್ಟೊಂದು ಹೆಪ್ಪು ಕಟ್ಟೋಕೆ ಪ್ಲೇಟ್‌ಲೆಟ್, ಫೈಬ್ರಿನ್ ತಯಾರಿಸುವ ಸಾಮಾನು ಎಲ್ಲ ಖಾಲಿ ಆಗಿರುತ್ತೆ. ಹಾಗಾಗಿ ನಿಜವಾಗಿ ಹೆಪ್ಪು ಬೇಕಾದ ಜಾಗದಲ್ಲಿ, ಸೂಜಿಯ ತೂತಿನಲ್ಲಿ, ಹೆಪ್ಪು ಕಟ್ಟಲ್ಲ. ಡಾಕ್ಟರುಗಳು ಡಿಐಸಿ ಅನ್ನೋದು ಇದಕ್ಕೇ. ಎರಡೂ ಒಟ್ಟಿಗೆ ಹೇಗೆ ಅನ್ನೋ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಈಗ ತಮ್ಮನ ಪ್ರಶ್ನೆ. ಈ ಬ್ರೇಕು, ಕ್ಲೀನಿಂಗು ಎಲ್ಲರಲ್ಲೂ ಒಂದೇ ಥರ ಇರುತ್ತಾ? ಇಲ್ಲ.

ಮೊದಲ ಉದಾಹರಣೆ ಬ್ರೇಕಿನದು. 1993ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಡಾಲ್ಬೆಕ್ ತಂಡ ಒಂದು ವಿಚಿತ್ರ ಗಮನಿಸಿತು: ಕೆಲವು ಕುಟುಂಬಗಳವರ ರಕ್ತ ಪ್ರೋಟೀನ್ ಸಿ ಮಾತನ್ನು ಸರಿಯಾಗಿ ಕೇಳೋದೇ ಇಲ್ಲ. ಮರುವರ್ಷ ನೆದರ್ಲೆಂಡ್ಸ್‌ನ ಲೈಡನ್ ನಗರದ ತಂಡ ಕಾರಣ ಕಂಡುಹಿಡಿಯಿತು. ಫ್ಯಾಕ್ಟರ್ ಫೈವ್ ಜೀನಿನಲ್ಲಿ ಜಿ ಅಕ್ಷರ ಇರಬೇಕಾದ ಒಂದು ಜಾಗದಲ್ಲಿ ಎ ಇತ್ತು. ಅದರಿಂದ ಪ್ರೋಟೀನಿನ 506ನೇ ಮಣಿ ಬದಲಾಗುತ್ತೆ. ಪ್ರೋಟೀನ್ ಸಿ ಕತ್ತರಿ ಹಾಕುವ ಮುಖ್ಯ ಜಾಗ ಅದೇ. ಕತ್ತರಿ ಕೂರಲ್ಲ, ಬ್ರೇಕ್ ನಿಧಾನ ಹಿಡಿಯುತ್ತೆ. ಇದಕ್ಕೆ ಫ್ಯಾಕ್ಟರ್ ಫೈವ್ ಲೈಡನ್ ಅಂತ ಹೆಸರು. ಯೂರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು 5 ಜನರಲ್ಲಿ ಇದರ ಒಂದು ಪ್ರತಿ ಇರುತ್ತೆ. ಅವರಿಗೆ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು.

ಹಾಗಾದ್ರೆ ಸೆಪ್ಸಿಸ್ ಬಂದ್ರೆ ಇವರ ಗತಿ ಇನ್ನೂ ಕೆಟ್ಟದು ಅಂತ ತಾನೇ ನೀವು ಅಂದ್ಕೊಳ್ಳೋದು? ನಾನೂ ಹಾಗೇ ಅಂದ್ಕೊಂಡೆ. 2001ರಲ್ಲಿ ಪ್ರಕಟವಾದ ಪ್ರೋವೆಸ್ ಅನ್ನೋ ದೊಡ್ಡ ಔಷಧ ಪರೀಕ್ಷೆಯಲ್ಲಿ ತೀವ್ರ ಸೆಪ್ಸಿಸ್ ಆದ 1,690 ರೋಗಿಗಳಿದ್ರು. ಆ ರೋಗಿಗಳ ಜೀನ್ ನೋಡಿ 2003ರಲ್ಲಿ ಬಂದ ಫಲಿತಾಂಶ ಉಲ್ಟಾ ಇತ್ತು. ಲೈಡನ್ ಬದಲಾವಣೆಯ ಒಂದು ಪ್ರತಿ ಇದ್ದವರಲ್ಲಿ 28 ದಿನದೊಳಗೆ ತೀರಿಕೊಂಡವರು ನೂರಕ್ಕೆ ಸುಮಾರು 14, ಇಲ್ಲದವರಲ್ಲಿ ಸುಮಾರು 28. ಇಲಿಗಳಲ್ಲೂ ಒಂದು ಪ್ರತಿ ಇದ್ದವು ಹೆಚ್ಚು ಬದುಕಿದವು, ಆದ್ರೆ ಎರಡೂ ಪ್ರತಿ ಇದ್ದ ಇಲಿಗಳಿಗೆ ಆ ಲಾಭ ಸಿಗಲಿಲ್ಲ.

ಇದಕ್ಕೆ ಕೊಟ್ಟ ಒಂದು ವಿವರಣೆ ಹೀಗಿದೆ. ಬ್ರೇಕ್ ಸ್ವಲ್ಪ ನಿಧಾನ ಇದ್ರೆ ಥ್ರಾಂಬಿನ್ ಸ್ವಲ್ಪ ಜಾಸ್ತಿ ಆಗುತ್ತೆ. ಜಾಸ್ತಿ ಥ್ರಾಂಬಿನ್ ಅಂದ್ರೆ ಜಾಸ್ತಿ ಪ್ರೋಟೀನ್ ಸಿ ಎಚ್ಚರ ಆಗುತ್ತೆ. ಪ್ರೋಟೀನ್ ಸಿ ಬರೀ ಬ್ರೇಕ್ ಅಲ್ಲ, ರಕ್ತನಾಳದ ಒಳಪದರವನ್ನು ಉರಿಯೂತದಿಂದ ಕಾಪಾಡುವ ಕೆಲಸವನ್ನೂ ಮಾಡುತ್ತೆ. ಆದ್ರೆ ಹುಷಾರು, ಆ ಪರೀಕ್ಷೆಯಲ್ಲಿ ಲೈಡನ್ ಇದ್ದವರು ನೂರು ಮಂದಿ ಕೂಡ ಇರಲಿಲ್ಲ. ಬೇರೆ ಅಧ್ಯಯನಗಳಲ್ಲಿ ಇದೇ ಲಾಭ ಪ್ರತಿಸಲ ಕಾಣಿಸಿಲ್ಲ. ಸ್ಯಾಂಪಲ್ ಸಣ್ಣದಿದ್ದಾಗ ಗ್ರಾಫ್ ನೋಡಿ ಖುಷಿ ಪಡಬಾರದು ಅಂತ ನಮ್ಮ ಕೆಲಸದಲ್ಲೂ ಗೊತ್ತಲ್ವಾ.

ಎರಡನೇ ಉದಾಹರಣೆ ಕ್ಲೀನಿಂಗಿನದು. ಪಿಎಐ-1 ಜೀನ್ ಶುರುವಾಗೋಕೆ 675 ಅಕ್ಷರ ಮುಂಚೆ ಕೆಲವರಲ್ಲಿ ಸಾಲಾಗಿ ಐದು ಜಿ ಇವೆ, ಕೆಲವರಲ್ಲಿ ನಾಲ್ಕೇ. ಇದನ್ನು 4ಜಿ, 5ಜಿ ಅಂತಾರೆ, ಮೊಬೈಲ್ ನೆಟ್‌ವರ್ಕ್ ಅಲ್ಲ! ಐದು ಜಿ ಇದ್ದಾಗ ಜೀನಿನ ವೇಗ ತಗ್ಗಿಸುವ ಒಂದು ಪ್ರೋಟೀನ್ ಅಲ್ಲಿ ಕೂರುತ್ತೆ, ನಾಲ್ಕೇ ಇದ್ರೆ ಅದಕ್ಕೆ ಜಾಗ ಸಿಗಲ್ಲ. ಹಾಗಾಗಿ ಅಪ್ಪ, ಅಮ್ಮ ಇಬ್ಬರಿಂದಲೂ 4ಜಿ ಪಡೆದವರಲ್ಲಿ ಸೋಂಕಿನ ಸಮಯದಲ್ಲಿ ಪಿಎಐ-1 ಹೆಚ್ಚು ಏರುತ್ತೆ, ಹೆಪ್ಪು ಕರಗೋದು ಕಷ್ಟ ಆಗುತ್ತೆ. ಮೆನಿಂಗೋಕಾಕಸ್ ಅನ್ನೋ ಬ್ಯಾಕ್ಟೀರಿಯಾದಿಂದ ಬರುವ ಸೆಪ್ಸಿಸ್‌ನಲ್ಲಿ ಗಂಟೆಗಳೊಳಗೆ ಚರ್ಮದ ಮೇಲೆ ನೇರಳೆ ಕಲೆ ಹರಡುತ್ತೆ. ಅದು ಸಣ್ಣ ನಾಳಗಳಲ್ಲಿ ಹೆಪ್ಪು ಕಟ್ಟಿ, ರಕ್ತ ಸೋರಿ ಆಗುವ ಕಲೆ. 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಯೂರೋಪಿನ ಅಧ್ಯಯನಗಳು, ಈ ಕಾಯಿಲೆಯಲ್ಲಿ ಎರಡೂ 4ಜಿ ಇದ್ದವರಿಗೆ ಅಪಾಯ ಹೆಚ್ಚು ಅಂತ ತೋರಿಸಿದವು. ಸೋಂಕು ತಗುಲೋದರಲ್ಲಿ ಅಲ್ಲ, ತಗುಲಿದ ಮೇಲೆ ಕಾಯಿಲೆ ಎಷ್ಟು ಕೆಡುತ್ತೆ ಅನ್ನೋದರಲ್ಲಿ ವ್ಯತ್ಯಾಸ.

ಹಾಗಾದ್ರೆ ಪ್ರೋಟೀನ್ ಸಿಯನ್ನೇ ಇಂಜೆಕ್ಷನ್ ಕೊಟ್ರೆ ಆಯ್ತಲ್ಲ? ಪ್ರೋವೆಸ್ ಪರೀಕ್ಷೆ ಮಾಡಿದ್ದು ಅದನ್ನೇ. ಔಷಧ ಸಿಕ್ಕವರಲ್ಲಿ ಸಾವು ನೂರಕ್ಕೆ 24.7, ಸಿಗದವರಲ್ಲಿ 30.8. ಅದೇ ವರ್ಷ ಅಮೆರಿಕದಲ್ಲಿ ಜಿಗ್ರಿಸ್ ಅನ್ನೋ ಹೆಸರಲ್ಲಿ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಹತ್ತು ವರ್ಷದ ಮೇಲೆ ಇನ್ನೊಂದು ದೊಡ್ಡ ಪರೀಕ್ಷೆ ಮಾಡಿದಾಗ ಸಾವು ಕಡಿಮೆ ಆಗಲೇ ಇಲ್ಲ. ರಕ್ತಸ್ರಾವದ ಅಪಾಯ ಬೇರೆ ಇತ್ತು. 2011ರ ಅಕ್ಟೋಬರಿನಲ್ಲಿ ಕಂಪನಿಯೇ ಔಷಧವನ್ನು ಮಾರುಕಟ್ಟೆಯಿಂದ ವಾಪಸ್ ತಗೊಂಡಿತು. ಇಷ್ಟೊಂದು ಲೂಪ್‌ಗಳಿರುವ ಸಿಸ್ಟಮ್‌ನಲ್ಲಿ ಒಂದೇ ನಾಬ್ ತಿರುಗಿಸಿದ್ರೆ ಎಲ್ಲರಿಗೂ ಒಂದೇ ಫಲ ಸಿಗಲ್ಲ.

ಈಗ ನೀವು ಕೇಳೋದು ಗೊತ್ತು: ನಾವೂ ಜೀನ್ ಟೆಸ್ಟ್ ಮಾಡಿಸೋಣವಾ? ಸೆಪ್ಸಿಸ್‌ಗೆ ಅಂತ ಬೇಡ. ಲೈಡನ್ ಬದಲಾವಣೆ ನಮ್ಮಲ್ಲಿ ಯೂರೋಪಿನವರಿಗಿಂತ ಅಪರೂಪ, ಮತ್ತು ರಿಪೋರ್ಟ್ ನೋಡಿ ಐಸಿಯುನಲ್ಲಿ ಬದಲಾಯಿಸುವ ಚಿಕಿತ್ಸೆ ಯಾವುದೂ ಇಲ್ಲ. ಆದ್ರೆ ಮನೆಯಲ್ಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲಿ ಕಾಲಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪು ಕಟ್ಟಿದ್ರೆ ಅದನ್ನು ನಿಮ್ಮ ಡಾಕ್ಟರಿಗೆ ಹೇಳಿ. ಬಸಿರು, ಗರ್ಭನಿರೋಧಕ ಮಾತ್ರೆ, ದೊಡ್ಡ ಆಪರೇಷನ್ ಇಂಥ ಸಮಯದಲ್ಲಿ ಆ ಮಾಹಿತಿ ಬೇಕಾಗುತ್ತೆ.

ಸೆಪ್ಸಿಸ್‌ನಲ್ಲಿ ನಮ್ಮ ಕೈಯಲ್ಲಿರೋದು ಸಮಯ. ಬಿಪಿ ಕುಸಿದ ಸೆಪ್ಸಿಸ್‌ಗೆ ಗುರುತಿಸಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರು ಆಗಬೇಕು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತೆ. ಜ್ವರ ಅಥವಾ ಸೋಂಕಿನ ಜೊತೆಗೆ ಉಸಿರು ನಿಮಿಷಕ್ಕೆ 22 ಅಥವಾ ಹೆಚ್ಚು, ಮೇಲಿನ ಬಿಪಿ 100 ಅಥವಾ ಕಡಿಮೆ, ಮೂತ್ರ ಕಡಿಮೆ, ಕೈಕಾಲು ತಣ್ಣಗೆ, ಮಾತು ತಪ್ಪೋದು, ಇವುಗಳಲ್ಲಿ ಯಾವುದಾದ್ರೂ ಹೊಸದಾಗಿ ಕಂಡ್ರೆ ಬೆಳಗಾಗಲಿ ಅಂತ ಕಾಯಬೇಡಿ. ವಯಸ್ಸಾದವರಲ್ಲಿ ಜ್ವರ ಬರದೇನೂ ಇರಬಹುದು, ಗೊಂದಲದ ಮಾತೇ ಮೊದಲ ಲಕ್ಷಣ ಆಗಿರಬಹುದು.

ಶನಿವಾರ ರಾತ್ರಿ ಅತ್ತೆ ಬಸ್ಸಿಗೆ ಹೊತ್ತಾತು ಅಂದಿದ್ದು ಊರಿನ ನೆನಪಲ್ಲ, ಅದೇ ಆ ಲಕ್ಷಣ. ನಮಗೆ ಗೊತ್ತಾಗಲಿಲ್ಲ.

ಅತ್ತೆ 11 ದಿನ ಐಸಿಯುನಲ್ಲಿದ್ದು ಉಳಿದುಕೊಂಡ್ರು. ಈಗ ಧಾರವಾಡದಲ್ಲಿದ್ದಾರೆ, ಕಿಡ್ನಿಯ ಚೆಕಪ್ ಮಾತ್ರ ನಡೀತಾ ಇದೆ. ತಮ್ಮನಿಗೆ ನಾನು ಕೊಟ್ಟ ಉತ್ತರ ಇಷ್ಟು: "ರಕ್ತದಾಗ ಏನರ ಇದ್ರೂ ಇರಬಹುದಪ್ಪ, ಅದು ನಮ್ಮ ಕೈಯಾಗಿಲ್ಲ. ಆದ್ರ ಒಂದು ರಾತ್ರಿ ನಮ್ಮ ಕೈಯಾಗಿತ್ತು, ಅದನ್ನ ನಾವು ಕಳಕೊಂಡ್ವಿ."

ಊರಲ್ಲಿ ವಯಸ್ಸಾದವರಿದ್ರೆ ಇವತ್ತು ಫೋನ್ ಮಾಡಿದಾಗ ಆ ಲಕ್ಷಣಗಳನ್ನು ಮನೆಯವರಿಗೆ ಹೇಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.