ನಿಮಗಿದು ಗೊತ್ತೇ? ಪಾದ್ರಿಗಳು ಕಟ್ಟಿದ ಧಾಟಿಗಳು!

ಚರ್ಚುಗಳಲ್ಲಿ ಹಾಡುವ ‘ಹೋಲಿ, ಹೋಲಿ, ಹೋಲಿ’ ಕೇಳಿದ್ದೀರಾ? ಅದನ್ನು ಬರೆದವರು ಕಲ್ಕತ್ತೆಯ ಬಿಷಪ್ ರೆಜಿನಾಲ್ಡ್ ಹೀಬರ್. 1826ರಲ್ಲಿ ತಿರುಚಿರಾಪಳ್ಳಿಯಲ್ಲಿ ಸ್ನಾನಕ್ಕೆಂದು ಕೊಳಕ್ಕಿಳಿದವರು ಅಲ್ಲೇ ತೀರಿಕೊಂಡರು. ಧಾಟಿ ಕಟ್ಟಿದ ಜಾನ್ ಬಾಕಸ್ ಡೈಕ್ಸ್‌ಗೆ ಆಗ ಬರೀ ಮೂರು ವರ್ಷ! ಆ ಹುಡುಗ ಇಂಗ್ಲೆಂಡಿನಲ್ಲಿ ಬೆಳೆದು ಪಾದ್ರಿಯಾದ. 1861ರಲ್ಲಿ ಹೀಬರರ ಪದಗಳಿಗೆ ಅವನ ಧಾಟಿ ಸೇರಿತು.

ಚರ್ಚಿನ ಹಾಡುಗಳಲ್ಲಿ ಧಾಟಿಗೂ ಹೆಸರಿಡುತ್ತಾರೆ! ಈ ಹಾಡಿನ ಧಾಟಿ ‘ನೈಸೀಯ’. ಸಮುದ್ರಯಾನಿಗಳಿಗಾಗಿ ಹಾಡುವ ಡೈಕ್ಸ್‌ನ ಇನ್ನೊಂದು ಧಾಟಿ ‘ಮೆಲಿಟ’. ಸಂತ ಪೌಲನ ಹಡಗು ಒಡೆದ ದ್ವೀಪದ ಹೆಸರದು!

ಗಾಂಧೀಜಿ ಮೆಚ್ಚಿದ ‘ಅಬೈಡ್ ವಿತ್ ಮಿ’ ಬರೆದವರು ಪಾದ್ರಿ ಹೆನ್ರಿ ಲೈಟ್. ಧಾಟಿಯನ್ನೂ ಅವರೇ ಕಟ್ಟಿದ್ದರು. ಆದರೆ ಜನ ಹಾಡುವುದು ವಿಲಿಯಂ ಮಂಕ್ ಕಟ್ಟಿದ್ದನ್ನು! ಪಾಪ, ಲೈಟ್ ಅವರ ಸ್ವಂತ ಧಾಟಿಯನ್ನು ಗುನುಗುವವರು ಅಪರೂಪ.

ಈಗ ಲೆಕ್ಕದ ಮಜಾ ನೋಡಿ. ಚರ್ಚಿನ ಇಂಗ್ಲಿಷ್ ಹಾಡುಗಳಲ್ಲಿ ಸಾಲಿಗೆ ಇಷ್ಟೆಂದು ಅಕ್ಷರ ಎಣಿಸುತ್ತಾರೆ: ಉದಾಹರಣೆಗೆ 8, 6, 8, 6. ಲೆಕ್ಕ ಕೂಡಿಬಂದರೆ ಒಂದು ಹಾಡನ್ನು ಇನ್ನೊಂದರ ಧಾಟಿಯಲ್ಲಿ ಹಾಡಬಹುದು! ನಮ್ಮ ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿ. ಅಲ್ಲಿ ಎಣಿಕೆ ಮಾತ್ರೆಯದು. ಸಣ್ಣ ಸಾಲಿಗೆ 14, ಮೂರನೆಯ ಮತ್ತು ಆರನೆಯ ಸಾಲಿಗೆ 23!

ಹಾಗಾದರೆ ಜರ್ಮನಿಯ ಪಾದ್ರಿಯೊಬ್ಬರು ಕನ್ನಡದಲ್ಲಿ ಯೇಸುವಿನ ಕಥೆ ಹಾಡಬೇಕೆಂದರೆ? ಫರ್ಡಿನಂಡ್ ಕಿಟ್ಟೆಲ್ ನಮ್ಮ ಛಂದಸ್ಸನ್ನೇ ಹಿಡಿದರು! 1853ರಲ್ಲಿ ಬಂದವರು 1862ಕ್ಕೆ ‘ಕಥಾಮಾಲೆ’ ಪದ್ಯಕಾವ್ಯ ಅಚ್ಚು ಹಾಕಿಸಿಬಿಟ್ಟರು. ಒಂಬತ್ತೇ ವರ್ಷ! ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹತ್ತನೆಯ ಶತಮಾನದ ನಾಗವರ್ಮನ ಛಂದೋಗ್ರಂಥವನ್ನು ಹುಡುಕಿ ತಿದ್ದಿ, 1875ರಲ್ಲಿ ಪ್ರಕಟಿಸಿದರು. ಎಪ್ಪತ್ತು ಸಾವಿರ ಪದಗಳ ನಿಘಂಟಿನ ಕಿಟ್ಟೆಲ್ ಇವರೇ!

ದೇವದುರ್ಗ, ರಾಯಚೂರು ಕಡೆಯವರೇ, ಇದನ್ನಂತೂ ಕೇಳಲೇಬೇಕು. ದಾಸರ ಪದಗಳಿಗೆ ನಿಮ್ಮದು ತವರು ಸೀಮೆ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಮಾನ್ವಿ ತಾಲ್ಲೂಕಿನದೇ. ಬಾಯಿಂದ ಬಾಯಿಗೆ ಬಂದಿದ್ದ ದಾಸರ ಪದಗಳನ್ನು ಕಲೆಹಾಕಿ, 1850ರ ಹೊತ್ತಿಗೇ ಮಂಗಳೂರಿನಲ್ಲಿ ಕಲ್ಲಚ್ಚಿಗೆ ಕೊಟ್ಟವರು ಯಾರು ಗೊತ್ತೇ? ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಪಾದ್ರಿ ಹರ್ಮನ್ ಮೊಗ್ಲಿಂಗ್! ಅಷ್ಟೇ ಅಲ್ಲ, ಕೆಲವು ದಾಸರ ಪದಗಳನ್ನು ಜರ್ಮನ್ ಭಾಷೆಗೂ ತಿರುಗಿಸಿ ತಮ್ಮ ನಾಡಿನವರ ಕೈಗಿಟ್ಟರು!