ಎಂಟು ಮೈಲಿಗೆ ನಾಲ್ಕು ಅಂಗುಲ

ನೂರು ಮೀಟರ್ ದೂರದಲ್ಲಿ ಒಂದು ಗುರಿಹಲಗೆ. ಕೋವಿಯ ನಳಿಗೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿನಷ್ಟು, ಅಂದರೆ ಕೋನದ ಲೆಕ್ಕದಲ್ಲಿ ಒಂದು ನಿಮಿಷದಷ್ಟು, ಆಚೀಚೆಯಾದರೆ ಗುಂಡು 2.9 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಹಲಗೆಯನ್ನು ಸಾವಿರ ಮೀಟರ್‌ಗೆ ಒಯ್ದರೆ ಅದೇ ತಪ್ಪು 29 ಸೆಂಟಿಮೀಟರ್ ಆಗುತ್ತದೆ. ಹಾರಿಸಿದ ಗುಂಡುಗಳೆಲ್ಲ ಒಂದು ನಿಮಿಷದೊಳಗೇ ಗುಂಪಾಗಿ ಬಿದ್ದರೆ ಅದು ಒಳ್ಳೆಯ ರೈಫಲ್ ಎಂದು ಬಲ್ಲವರು ಒಪ್ಪುತ್ತಾರೆ.

ಹೈದರಾಬಾದಿನ ಗಗನ್ ನಾರಂಗ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 701.1 ಅಂಕ ಗಳಿಸಿ ಕಂಚು ಗೆದ್ದ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತರ ಚುಕ್ಕಿಯ ಅಗಲ ಬರೀ ಅರ್ಧ ಮಿಲಿಮೀಟರ್. ಗುಂಡಿನ ಅಗಲವೇ ಅದರ ಒಂಬತ್ತು ಪಟ್ಟು. ಕೋನದಲ್ಲಿ ಹೇಳುವುದಾದರೆ ಆ ಚುಕ್ಕಿ ಹತ್ತು ಸೆಕೆಂಡು, ಎಂದರೆ ಒಂದು ನಿಮಿಷದ ಆರನೇ ಒಂದು ಪಾಲು.

ಈ ಹತ್ತು ಸೆಕೆಂಡನ್ನೂ ಒರಟು ಅಳತೆ ಎನಿಸುವ ಕೆಲಸವೊಂದು ಕಂಗ್ಟಿ–ನಾರಾಯಣಖೇಡ ಸೀಮೆಯಲ್ಲಿ ಇನ್ನೂರು ವರ್ಷದ ಹಿಂದೆಯೇ ನಡೆದಿತ್ತು. ಇಂದು ತೆಲಂಗಾಣದಲ್ಲಿರುವ ಈ ಭಾಗ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇತ್ತು. ಇಲ್ಲಿನ ದಾಮರಗಿದ್ದ, ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು. ಅಕ್ಷಾಂಶ 18 ಡಿಗ್ರಿ, 3 ನಿಮಿಷ, 15 ಸೆಕೆಂಡು. ಕನ್ಯಾಕುಮಾರಿಯಿಂದ ಹಿಮಾಲಯದ ಬುಡದವರೆಗೆ ಸುಮಾರು 2,400 ಕಿಲೋಮೀಟರ್ ಉದ್ದಕ್ಕೆ ಎಳೆದ ತ್ರಿಕೋನಗಳ ಸರಪಣಿಗೆ ಇದೊಂದು ಮುಖ್ಯ ಗಂಟು. ಅಲ್ಲಿ ಯಾರೂ ಗುಂಡು ಹಾರಿಸಲಿಲ್ಲ. ದುರ್ಬೀನಿನಲ್ಲಿ ಕಣ್ಣಿಟ್ಟು ದೂರದ ಗುಡ್ಡದ ಗುರುತನ್ನು ನೋಡಿದರು, ಅಷ್ಟೆ. ಆದರೂ ಗುರಿ ಹಿಡಿಯುವ ವಿದ್ಯೆಯ ಪರಾಕಾಷ್ಠೆಯನ್ನು ನೋಡಬೇಕಾದರೆ ಅಲ್ಲಿಯೇ ನೋಡಬೇಕು.

ಮೊದಲು ಕೋವಿಯ ಕಷ್ಟ ತಿಳಿಯೋಣ. ಒಂದು ಕಿಲೋಮೀಟರ್ ದಾಟಲು ಸಾಮಾನ್ಯ ರೈಫಲ್ ಗುಂಡಿಗೆ ಸುಮಾರು ಎರಡು ಸೆಕೆಂಡು ಬೇಕು. ಅಷ್ಟರಲ್ಲಿ ಅದು ನಳಿಗೆಯ ನೇರದಿಂದ ಹತ್ತು ಮೀಟರ್‌ಗೂ ಹೆಚ್ಚು ಕೆಳಗಿಳಿದಿರುತ್ತದೆ. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ ಅದನ್ನು ಎರಡು ಮೀಟರ್‌ಗೂ ಹೆಚ್ಚು ತಳ್ಳುತ್ತದೆ. ಕಂಗ್ಟಿಯ ಅಕ್ಷಾಂಶದಲ್ಲಿ ನಿಂತು ಹಾರಿಸಿದರೆ ಭೂಮಿ ತಿರುಗುವುದರಿಂದಲೇ ಗುಂಡು ನಾಲ್ಕು ಸೆಂಟಿಮೀಟರಿನಷ್ಟು ಬಲಕ್ಕೆ ಸರಿಯುತ್ತದೆ. ಇಷ್ಟನ್ನೂ ಸರಿದೂಗಿಸಲೆಂದೇ ದುರ್ಬೀನಿನ ಮೇಲೆ ತಿರುಗಣೆ ಇರುವುದು. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ನಂ. 32 ದುರ್ಬೀನನ್ನು ಹಳೆಯ ವಸ್ತುಗಳ ಪ್ರಿಯರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಅದು ಹಿಗ್ಗಿಸಿ ತೋರಿಸುವುದು ಮೂರೂವರೆ ಪಟ್ಟು ಮಾತ್ರ. ಆದರೆ ಅದರ ತಿರುಗಣೆಯಲ್ಲಿ ಸಾವಿರ ಗಜದವರೆಗೆ ಗೆರೆ ಕೊರೆದಿದೆ. ನಂತರದ ಮಾದರಿಗಳಲ್ಲಿ ಒಂದೊಂದು ಟಕ್ ಸದ್ದಿಗೂ ಗುರಿ ಒಂದು ನಿಮಿಷ ಸರಿಯುತ್ತದೆ. ಇಂದಿನ ದುರ್ಬೀನುಗಳಲ್ಲಿ ಸಾಮಾನ್ಯವಾಗಿ ಟಕ್ಕಿಗೆ ಕಾಲು ನಿಮಿಷ, ಹದಿನೈದು ಸೆಕೆಂಡು.

ಸರ್ವೆಯವರಿಗೆ ಬೇಕಾಗಿದ್ದುದು ಒಂದೇ ಒಂದು ಸೆಕೆಂಡು. ಸರ್ವೆಯನ್ನು ಶುರುಮಾಡಿದ ವಿಲಿಯಂ ಲ್ಯಾಂಬ್ಟನ್ ಲಂಡನ್ನಿನಿಂದ ತರಿಸಿದ ಥಿಯೋಡೊಲೈಟ್, ಅಂದರೆ ಕೋನ ಅಳೆಯುವ ಯಂತ್ರ, ಅರ್ಧ ಟನ್ ತೂಗುತ್ತಿತ್ತು. ಅದರ ಅಡ್ಡಚಕ್ರದ ವ್ಯಾಸ 36 ಅಂಗುಲ. ಚಕ್ರದ ಅಂಚಿನಲ್ಲಿ ಒಂದು ಸೆಕೆಂಡು ಹಿಡಿಯುವ ಜಾಗ ಎಷ್ಟು? ಒಂದು ಮಿಲಿಮೀಟರ್‌ನ ಸಾವಿರ ಪಾಲಿನಲ್ಲಿ ಎರಡು ಪಾಲು, ಚಿಲ್ಲರೆ. ತಲೆಗೂದಲೊಂದನ್ನು ಉದ್ದುದ್ದಕ್ಕೆ ಮೂವತ್ತು ಸೀಳು ಮಾಡಿದರೆ ಒಂದು ಸೀಳಿನ ಅಗಲ. ಅದನ್ನು ಓದಲು ಚಕ್ರದ ಸುತ್ತ ಸೂಕ್ಷ್ಮದರ್ಶಕಗಳಿದ್ದವು. ಒಂದು ಕಡೆ ಕೊರೆದ ಗೆರೆಯ ದೋಷ ಇನ್ನೊಂದು ಕಡೆ ಕಳೆದುಹೋಗಲಿ ಎಂದು ಎದುರುಬದುರು ಓದುತ್ತಿದ್ದರು, ಚಕ್ರವನ್ನು ತಿರುಗಿಸಿಟ್ಟು ಮತ್ತೆ ಓದುತ್ತಿದ್ದರು. ಕಣ್ಣಿನ ಮುಂದೆ ಗುರಿ ಹಿಡಿಯುವ ಅಡ್ಡಗೀರಿಗೆ ಆ ಕಾಲದ ಉಪಕರಣಗಳಲ್ಲಿ ಜೇಡರ ಎಳೆಯನ್ನೇ ಕೂರಿಸುತ್ತಿದ್ದರು. ಹಳೆಯ ಕೋವಿ ದುರ್ಬೀನುಗಳಲ್ಲೂ ಅದು ಇತ್ತು.

1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಹತ್ತಿಸುವಾಗ ಹಗ್ಗ ಕೈಕೊಟ್ಟು ಈ ಭಾರಿ ಯಂತ್ರ ಗೋಡೆಗೆ ಬಡಿಯಿತು. ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕೂತು ಅದನ್ನು ಮತ್ತೆ ದುಂಡಗೆ ತಂದ. ಮುಂದೆ ಸರ್ವೆಯ ಉಪಕರಣಗಳನ್ನು ನೋಡಿಕೊಂಡವನು ಆರ್ಕಾಟಿನ ಸೈಯದ್ ಮೀರ್ ಮೊಹಸಿನ್ ಹುಸೇನ್. ಮದ್ರಾಸಿನ ಆಭರಣದಂಗಡಿಯಲ್ಲಿ ಕೈ ಪಳಗಿಸಿಕೊಂಡಿದ್ದ ಈತನ ಕುಸುರಿಯನ್ನು, ಲ್ಯಾಂಬ್ಟನ್ ನಂತರ ಸರ್ವೆಯನ್ನು ನಡೆಸಿದ, ಸುಲಭವಾಗಿ ಯಾರನ್ನೂ ಹೊಗಳದ ಜಾರ್ಜ್ ಎವರೆಸ್ಟ್ ಕೂಡ ಮೆಚ್ಚಿದ್ದ.

ಕೋನ ಎಷ್ಟೇ ನಿಖರವಾಗಿರಲಿ, ಎಲ್ಲಾದರೂ ಒಂದು ಕಡೆ ನೆಲದ ಮೇಲೆ ಉದ್ದವನ್ನು ಅಳೆಯಲೇಬೇಕು. ಆ ಅಡಿರೇಖೆಯಿಂದಲೇ ಉಳಿದ ತ್ರಿಕೋನಗಳ ಬಾಹುಗಳೆಲ್ಲ ಲೆಕ್ಕದಲ್ಲಿ ಹುಟ್ಟಬೇಕು. ಲ್ಯಾಂಬ್ಟನ್ 1815ರಲ್ಲಿ ದಾಮರಗಿದ್ದದ ಬಳಿಯ ಬೀದರ್ ಅಡಿರೇಖೆಯನ್ನು ಉಕ್ಕಿನ ಸರಪಳಿ ಹಿಡಿದು ಅಳೆದ. ಇಲ್ಲೊಂದು ಪೇಚು. ಸುಮಾರು ಎಂಟು ಮೈಲಿ, ಅಂದರೆ 12.7 ಕಿಲೋಮೀಟರ್ ಉದ್ದವನ್ನು ಉಕ್ಕಿನಲ್ಲಿ ಅಳೆಯುವಾಗ ಬಿಸಿಲಿನ ಲೆಕ್ಕ ಒಂದೇ ಒಂದು ಸೆಲ್ಸಿಯಸ್ ಡಿಗ್ರಿ ತಪ್ಪಿದರೂ ಹದಿನಾಲ್ಕು ಸೆಂಟಿಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಅದಕ್ಕೇ 1841ರಲ್ಲಿ ಸರ್ವೆಯ ಆಂಡ್ರ್ಯೂ ವಾ ಅದನ್ನು ಮತ್ತೆ ಅಳೆದಾಗ ಸರಪಳಿ ಬಿಟ್ಟು ಹತ್ತಡಿಯ ಜೋಡಿಪಟ್ಟಿಗಳನ್ನು ಹಿಡಿದ. ಹಿತ್ತಾಳೆಯದೊಂದು, ಕಬ್ಬಿಣದ್ದೊಂದು, ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ, ಅವಕ್ಕೆ ಜೋಡಿಸಿದ ನಾಲಗೆಯ ತುದಿಯ ಚುಕ್ಕಿ ಇದ್ದಲ್ಲೇ ಇರುತ್ತದೆ. ಅಂಥ ಆರು ಜೋಡಿ ಸೇರಿ ಒಂದು ಸಲಕ್ಕೆ 63 ಅಡಿ. ಎಂಟು ಮೈಲಿ ಮುಗಿಸಲು ಆರುನೂರಕ್ಕೂ ಹೆಚ್ಚು ಬಾರಿ ಎತ್ತಿ, ಇಟ್ಟು, ಸೂಕ್ಷ್ಮದರ್ಶಕದಲ್ಲಿ ಚುಕ್ಕಿಗೆ ಚುಕ್ಕಿ ಕೂಡಿಸಬೇಕು.

ಅತ್ತ ಮಧ್ಯಪ್ರದೇಶದ ಸಿರೋಂಜ್‌ನಲ್ಲಿ ಎವರೆಸ್ಟ್ ಇಂಥದೇ ಇನ್ನೊಂದು ಅಡಿರೇಖೆ ಅಳೆದಿಟ್ಟಿದ್ದ. ಅಲ್ಲಿಂದ ಬೀದರಿಗೆ ನಾನೂರು ಮೈಲಿಗೂ ಹೆಚ್ಚು. ನಡುವೆ ನೆಲ ಮುಟ್ಟಿ ಅಳೆದದ್ದು ಏನೂ ಇಲ್ಲ. ಗುಡ್ಡದಿಂದ ಗುಡ್ಡಕ್ಕೆ ಹಗಲು ಕನ್ನಡಿಯ ಮಿನುಗು, ಇರುಳು ದೀಪದ ಬೆಳಕು ನೋಡಿ ಹಿಡಿದ ಕೋನಗಳು ಮಾತ್ರ. ಅಂಥ ಮೂವತ್ತು ಮೈಲಿಯ ಒಂದು ನೋಟಕ್ಕೆ ಭೂಮಿಯ ಬಾಗು ಸುಮಾರು 180 ಮೀಟರ್. ಮೇಲಾಗಿ ಬಿಸಿಗಾಳಿಯಲ್ಲಿ ಬೆಳಕಿನ ದಾರಿಯೂ ಬಾಗುತ್ತದೆ. ಹೀಗೆ ಸಿರೋಂಜ್‌ನಿಂದ ಕೋನ ಕೂಡಿಸಿಕೊಂಡು ಬಂದು, ಬೀದರ್ ರೇಖೆ ಇಷ್ಟು ಉದ್ದ ಇರಬೇಕು ಎಂದು ಲೆಕ್ಕ ಹೇಳಿತು. ವಾ ಅಳೆದು ನೋಡಿದ. ವ್ಯತ್ಯಾಸ ನಾಲ್ಕು ಅಂಗುಲ ಚಿಲ್ಲರೆ.

ಎಂಟು ಮೈಲಿಗೆ ನಾಲ್ಕು ಅಂಗುಲ ಎಂದರೆ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಶೂಟರ್‌ಗಳ ಭಾಷೆಯಲ್ಲಿ, ನೂರು ಮೀಟರ್ ಗುರಿಯಲ್ಲಿ ಒಂದು ಮಿಲಿಮೀಟರೂ ಅಲ್ಲ. ಒಳ್ಳೆಯ ರೈಫಲ್‌ಗಿಂತ ಮೂವತ್ತು ಪಟ್ಟು ನಯ.

ಇಷ್ಟು ನಯ ಯಾಕೆ ಬೇಕಿತ್ತು ಎಂಬುದಕ್ಕೆ ಉತ್ತರ ಉತ್ತರದಿಂದಲೇ ಬಂತು. ಸಿರೋಂಜ್ ಬಳಿಯ ಕಲ್ಯಾಣಪುರದಿಂದ ಡೆಹರಾಡೂನ್ ಕಡೆಯ ಕಲಿಯಾಣದವರೆಗಿನ ಅಂತರವನ್ನು ನಕ್ಷತ್ರ ನೋಡಿ ಒಮ್ಮೆ, ತ್ರಿಕೋನದಿಂದ ಒಮ್ಮೆ ಲೆಕ್ಕ ಹಾಕಿದಾಗ 5.236 ಸೆಕೆಂಡು ತಾಳೆಯಾಗಲಿಲ್ಲ. ನೆಲದ ಮೇಲೆ ಅದು ಸುಮಾರು 160 ಮೀಟರ್. ಆರುನೂರು ಕಿಲೋಮೀಟರಿನಲ್ಲಿ ಅಷ್ಟು ಇದ್ದದ್ದೇ ಎಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಬೀದರ್‌ನ ಪ್ರಮಾಣ ಹಿಡಿದರೆ ಅಷ್ಟು ದೂರಕ್ಕೆ ತಪ್ಪು ಐದು ಮೀಟರಿನ ಆಸುಪಾಸು ಇರಬೇಕು. ಉತ್ತರದ ಡೆಹರಾಡೂನ್ ರೇಖೆಯಲ್ಲೂ ವ್ಯತ್ಯಾಸ ಬಂದದ್ದು ಏಳು ಅಂಗುಲದಷ್ಟೇ. ಹಾಗಾದರೆ 160 ಮೀಟರ್ ಅಳತೆಗಾರನ ತಪ್ಪಲ್ಲ.

ನಕ್ಷತ್ರ ನೋಡುವಾಗ ನೆಟ್ಟನೆಯ ದಿಕ್ಕು ತೋರಿಸುವ ತೂಗುಗುಂಡನ್ನು ಹಿಮಾಲಯ ತನ್ನತ್ತ ಎಳೆಯುತ್ತಿದೆ ಎಂದ ಕಲ್ಕತ್ತೆಯ ಪಾದ್ರಿ ಜಾನ್ ಪ್ರಾಟ್. ಎಳೆತ ಎಷ್ಟಿರಬೇಕೆಂದು ಲೆಕ್ಕ ಹಾಕಿದರೆ ಸುಮಾರು ಹದಿನಾರು ಸೆಕೆಂಡು ಬಂತು, ಕಂಡದ್ದರ ಮೂರು ಪಟ್ಟು. ಅಷ್ಟು ದೊಡ್ಡ ಪರ್ವತ ಯಾಕೆ ಇಷ್ಟು ಕಡಿಮೆ ಎಳೆಯುತ್ತದೆ? ಮೇಲೆ ಕಾಣುವ ಬೆಟ್ಟದ ಕೆಳಗೆ ಹಗುರ ಶಿಲೆಯ ಆಳವಾದ ಬೇರಿದೆ, ನೀರಿನಲ್ಲಿ ಮರದ ದಿಮ್ಮಿ ತೇಲುವಂತೆ ಪರ್ವತಗಳೂ ತೇಲುತ್ತಿವೆ ಎಂದು 1855ರಲ್ಲಿ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ ವಿವರಿಸಿದ. ಭೂವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಓದುವ ಸಮತೋಲನದ ತತ್ತ್ವ ಹುಟ್ಟಿದ್ದು ಹಾಗೆ. ತಮ್ಮ ತಪ್ಪು ಎಷ್ಟೆಂದು ಅಂಗುಲಗಳಲ್ಲಿ ಬಲ್ಲವರಿಗೆ ಮಾತ್ರ ಉಳಿದದ್ದು ತಪ್ಪಲ್ಲ, ಪರ್ವತ ಎಂದು ಹೇಳುವ ಧೈರ್ಯ ಇರುತ್ತದೆ.