ಮಧುಮೇಹಿಗಳ ಸ್ವಪರಿಚರ್ಯೆಯೂ ಮನಃಕ್ಲೇಶವೂ

ಮಧುಮೇಹಕ್ಕೂ ಮನೋವ್ಯಥೆಗೂ ಸಂಬಂಧವುಂಟೆಂಬ ಭಾವನೆಯು ಹೊಸತಲ್ಲ. ದೀರ್ಘಕಾಲದ ಶೋಕದಿಂದ ಈ ರೋಗವುಂಟಾಗಬಹುದೆಂದು ಆಂಗ್ಲ ವೈದ್ಯನಾದ ಥಾಮಸ್ ವಿಲ್ಲಿಸನು 17ನೆಯ ಶತಮಾನದಲ್ಲಿಯೇ ಅಭಿಪ್ರಾಯಪಟ್ಟಿದ್ದನು. ಇಲ್ಲಿ ನಾವು ವಿಚಾರಿಸತಕ್ಕದ್ದು ಇದರ ಮರುಮುಖವನ್ನು: ರೋಗದೊಡನೆ ಬಾಳುವ ಶ್ರಮವೇ ವ್ಯಥೆಗೆ ಕಾರಣವಾಗುವ ಬಗೆಯನ್ನು.

1922ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಮೊದಲು ಪ್ರಯೋಗಕ್ಕೆ ಬಂದಮೇಲೆ, ಎಳೆಯರನ್ನು ಬೇಗನೆ ಕೊಲ್ಲುತ್ತಿದ್ದ ಮಧುಮೇಹವು ಬಾಳುದ್ದದ ವ್ಯಾಧಿಯಾಯಿತು. ಪ್ರಾಣವುಳಿಯಿತು, ಆದರೆ ಅದನ್ನು ಉಳಿಸಿಕೊಳ್ಳುವ ನಿತ್ಯದ ಕೆಲಸವು ರೋಗಿಯ ಪಾಲಿಗೆ ಬಂದಿತು. ಆಹಾರದ ಅಳತೆ, ನಡಿಗೆ, ಔಷಧದ ಹೊತ್ತು, ರಕ್ತಪರೀಕ್ಷೆ, ಅಂಗಾಲುಗಳ ತಪಾಸಣೆ—ಇವಾವುದಕ್ಕೂ ಬಿಡುವಿಲ್ಲ. ಇಷ್ಟು ನಿಷ್ಠೆಯಿಂದ ನಡೆದರೂ ಒಂದು ಜ್ವರದಿಂದಲೋ ನಿದ್ರಾಭಂಗದಿಂದಲೋ ಸಕ್ಕರೆಯ ಅಂಕಿಯು ಏರಬಹುದು. ಚಿಂತೆಯೂ ಅದನ್ನು ಏರಿಸಬಲ್ಲದು: ಉದ್ವೇಗಕಾಲದಲ್ಲಿ ಸ್ರವಿಸುವ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸಗಳು ಯಕೃತ್ತಿನಿಂದ ರಕ್ತಕ್ಕೆ ಸಕ್ಕರೆಯನ್ನು ಬಿಡಿಸುತ್ತವೆ. ರೋಗಿಯು ಮಾತ್ರ ಅದನ್ನು ತನ್ನ ಅಪರಾಧವೆಂದೇ ಎಣಿಸುತ್ತಾನೆ. ಬೇಸತ್ತು, ಕೊನೆಗೆ ಪರೀಕ್ಷೆಯನ್ನೇ ಕೈಬಿಡುತ್ತಾನೆ.

ಈ ಕ್ಲೇಶವನ್ನು ಅಳೆಯಲು 1995ರಲ್ಲಿ ಬಾಸ್ಟನ್ನಿನ ಜೋಸ್ಲಿನ್ ಕೇಂದ್ರದ ವಿಲಿಯಂ ಪೊಲೊನ್ಸ್ಕಿ ಮೊದಲಾದವರು 20 ಪ್ರಶ್ನೆಗಳ ಮಾಪಕವೊಂದನ್ನು ಪ್ರಕಟಿಸಿದರು. 2005ರಲ್ಲಿ ಬಂದ 17 ಪ್ರಶ್ನೆಗಳ ಇನ್ನೊಂದು ಮಾಪಕವು ಕ್ಲೇಶದ ನಾಲ್ಕು ಮೂಲಗಳನ್ನು ಬೇರ್ಪಡಿಸಿತು: ರೋಗದ ಭಾವಭಾರ, ನಿಯಮಪಾಲನೆ, ವೈದ್ಯನೊಡನೆ ವ್ಯವಹಾರ, ಬಂಧುಮಿತ್ರರ ನಡೆ. ಕೊನೆಯದು ನಮ್ಮ ಮನೆಗಳಿಗೂ ಅಪರಿಚಿತವಲ್ಲ. ಹಬ್ಬದ ದಿನ “ಒಂದು ಹೋಳಿಗೆಯಿಂದ ಏನಾದೀತು?” ಎಂದು ಬಲವಂತಮಾಡಿದವರೇ ಮರುದಿನ ಅನ್ನದ ತುತ್ತುಗಳನ್ನು ಎಣಿಸುವುದುಂಟು. ಎರಡೂ ಪ್ರೀತಿಯೇ, ಎರಡರಿಂದಲೂ ರೋಗಿಗೆ ನೋವೇ.

ಇದನ್ನು ಖಿನ್ನತಾರೋಗವೆಂದು ಭ್ರಮಿಸಲಾಗದು. ಖಿನ್ನತೆಯು ಬಾಳೆಲ್ಲವನ್ನೂ ಕವಿಯುವುದು. ಈ ಕ್ಲೇಶವು ಮಧುಮೇಹಕ್ಕೆ ಅಂಟಿಕೊಂಡದ್ದು. ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರುವ ಪರೀಕ್ಷೆಯ ಫಲದೊಡನೆ ಖಿನ್ನತೆಗಿಂತಲೂ ಈ ಕ್ಲೇಶಕ್ಕೇ ಹೆಚ್ಚು ನಂಟಿರುವುದನ್ನು ಸಂಶೋಧಕರು ಕಂಡಿದ್ದಾರೆ. ಎರಡೂ ಕೂಡಿದ್ದಲ್ಲಿ ಖಿನ್ನತೆಗೆ ಪ್ರತ್ಯೇಕ ಚಿಕಿತ್ಸೆ ಬೇಕು. ಕ್ಲೇಶಮಾತ್ರವಿದ್ದಲ್ಲಿ ಹೊರೆಯನ್ನೇ ಹಗುರಮಾಡಬೇಕು. ಹತ್ತು ನಿಯಮಗಳನ್ನು ಒಮ್ಮೆಗೇ ಹೇರದೆ, ರೋಗಿಯು ತಾನೇ ಆರಿಸಿದ ಒಂದೆರಡರಿಂದ ತೊಡಗಬಹುದು. ಅಂಕಿಯನ್ನು ನೋಡಿ “ಏನು ತಿಂದಿರಿ?” ಎಂದು ಗದರುವ ಬದಲು, ಈ ತಿಂಗಳು ಯಾವುದು ಕಷ್ಟವಾಯಿತೆಂದು ವೈದ್ಯನು ಕೇಳಿದರೆ, ಪರೀಕ್ಷೆಗೆ ಹೆದರಿ ದೂರವಿದ್ದವನೂ ಮತ್ತೆ ಬರುತ್ತಾನೆ.